ತಿರಕಪ್ಪ ಸಕ್ಕರೆ ಇಳಿಸಿದ್ದು

ಕತೆ ಕೇಳುವವರು ನಡುನಡುವೆ ಹೂಂ ಅನ್ನಬೇಕು. ಆದರೆ ಇದು ಹೇಳಿದ್ದಕ್ಕೆಲ್ಲ ಹೂಂ ಅಂದುಕೊಂಡೇ ಪೇಚಿಗೆ ಸಿಕ್ಕವನ ಕತೆ, ನೋಡಿಕೊಂಡು ಅನ್ನಿ.

ಒಂದೂರಲ್ಲಿ ಪಾರವ್ವ ಅಂತ ಒಬ್ಬ ತಾಯಿ. ಅವಳಿಗೆ ತಿರಕಪ್ಪ ಅಂತ ಒಬ್ಬನೇ ಮಗ. ಮೈ ಕಣಜದಷ್ಟು, ಬುದ್ಧಿ ಸಾಸಿವೆಯಷ್ಟು. ಮೂವತ್ತು ತುಂಬುವುದರೊಳಗೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಅವನಪ್ಪ ಅದೇ ಕಾಯಿಲೆಯಲ್ಲಿ ಮೊದಲು ಒಂದು ಕಾಲು ಕಳೆದುಕೊಂಡು, ಆಮೇಲೆ ಜೀವವನ್ನೇ ಕಳೆದುಕೊಂಡಿದ್ದ. ಪಾರವ್ವ ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಹೇಳಿದರು: "ಮೂರು ತಿಂಗಳು ನೋಡೂಣು. ತೂಕ ಇಳೀಬೇಕು. ಅನ್ನ ಬಿಡು, ರೊಟ್ಟಿ ತಿನ್ನು."

ತಿರಕಪ್ಪ ಹೂಂ ಅಂದ. ಮನೆಗೆ ಬಂದು ಅನ್ನ ಮುಟ್ಟಲಿಲ್ಲ. ಹದಿನಾಲ್ಕು ರೊಟ್ಟಿ ತಿಂದ.

"ಏ ಮಂಕೆ, ಹದಿನಾಲ್ಕು ತಿಂದ್ರ ಸಕ್ಕರಿ ಇಳೀತದೇನು? ಎಣಿಸಿ ಎರಡ ತಿನ್ನಬೇಕು."

"ಹೂಂ ಅವ್ವ."

ಮರುದಿನ ಪಾರವ್ವ ಕಳೆ ತೆಗೆಯಲು ಹೋದಳು. ಮಗ ತಾನೇ ಹಿಟ್ಟು ನಾದಿ ರೊಟ್ಟಿ ಬಡಿದ. ಎಣಿಸಿ ಎರಡೇ. ಒಂದೊಂದೂ ಮೊರದಗಲ. ಹಂಚು ಸಾಲದೆ ತಿರುಗಿಸಿ ತಿರುಗಿಸಿ ಬೇಯಿಸಿ, ಎರಡನ್ನೂ ಮುಗಿಸಿದ.

ಪಾರವ್ವ ಹಣೆ ಚಚ್ಚಿಕೊಂಡಳು. "ತಿಂದದ್ದು ಕರಗಬೇಕಲ್ಲೋ. ಉಂಡ ಮ್ಯಾಲ ಅರ್ಧ ತಾಸು ನಡೀಬೇಕು. ಸಿಹಿ ಕಡೆ ಕಣ್ಣೆತ್ತಿ ನೋಡಬಾರದು."

"ಹೂಂ ಅವ್ವ."

ಮಗ ಉಂಡ, ಅರ್ಧ ತಾಸು ನಡೆದ. ಸೋದರತ್ತೆಯ ಊರು ಬಂತು. ಬಂದವರನ್ನು ಉಣಿಸದೆ ಕಳಿಸುವ ಪದ್ಧತಿ ನಮ್ಮ ಕಡೆ ಎಲ್ಲಿದೆ? ಅತ್ತೆ ತಾಟು ಇಟ್ಟಳು. ಉಂಡ. ಉಂಡ ಮೇಲೆ ನಡೆಯಬೇಕಲ್ಲ, ನಡೆದ. ದೊಡ್ಡಮ್ಮನ ಊರು ಬಂತು. ಉಂಡ, ನಡೆದ. ಚಿಕ್ಕಮ್ಮನ ಊರು ಬಂತು. ಅಲ್ಲಿ ಹೋಳಿಗೆ ಬಡಿಸಿದಾಗ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಒಂದನ್ನೂ ನೋಡಲಿಲ್ಲ. ಐದು ತಿಂದ.

ಆ ವಾರ ತೂಗಿದರೆ ಎರಡು ಕಿಲೊ ಏರಿತ್ತು. ಪಾರವ್ವ ಮೂಲೆಯಲ್ಲಿದ್ದ ಗಂಡನ ಊರುಗೋಲು ತಂದು ಮಗನ ಮುಂದೆ ಹಿಡಿದಳು.

"ಇದು ನಿನಗೂ ಬೇಕೇನೋ?"

"ಬ್ಯಾಡವ್ವ, ನನಗ ಗಿಡ್ಡ ಆಗ್ತದ."

ಪಾರವ್ವ ಅತ್ತುಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು: "ನಡಿಯೂಮುಂದ ಯಾರ ಮನೀಗೂ ಹೋಗಬ್ಯಾಡ. ಯಾರು ಉಣ್ಣಾಕ ಕರದ್ರೂ ನಿಲ್ಲಬ್ಯಾಡ."

"ಹೂಂ ಅವ್ವ."

ಮರುದಿನ ಕೆರೆ ಸುತ್ತಿ ಬಂದ. ಬಾಗಿಲಲ್ಲಿ ನಿಂತ ತಾಯಿ "ಉಣ್ಣು ಬಾರೋ" ಅಂದಳು. ನಿಲ್ಲಲಿಲ್ಲ. ಇನ್ನೊಂದು ಸುತ್ತು ಬಂದ. ಮತ್ತೆ ಕರೆದಳು. ನಿಲ್ಲಲಿಲ್ಲ. ಮೂರನೇ ಸುತ್ತಿಗೆ ಪಾರವ್ವ ಎರಡು ರೊಟ್ಟಿ, ಸೊಪ್ಪಿನ ಪಲ್ಯ ಬುತ್ತಿ ಕಟ್ಟಿಕೊಂಡು ಹಿಂದೆ ಓಡಿದಳು.

"ನಿಮ್ಮವ್ವ ನಾನು, ನಿಲ್ಲೋ."

"ಯಾರು ಕರದ್ರೂ ನಿಲ್ಲಬ್ಯಾಡ ಅಂದಿದ್ದಿಯಲ್ಲವ್ವ."

ಬೈದು ಬೈದು ಅವಳ ನಾಲಿಗೆ ಸೋತಿತ್ತು. ಅಂದಿನಿಂದ ತಾನೇ ಜೊತೆಗೆ ನಡೆದಳು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ರೊಟ್ಟಿ ತಾನೇ ಬಡಿದು, ತಾನೇ ಎಣಿಸಿ ಕೊಟ್ಟಳು. ಪೆದ್ದನಿಗೆ ಬುದ್ಧಿ ಹೇಳುವುದಕ್ಕಿಂತ ಅವನ ಜೊತೆ ನಡೆಯುವುದೇ ಸುಲಭ ಅಂತ ನನಗೂ ಅನ್ನಿಸುತ್ತದೆ.

ಮೂರು ತಿಂಗಳಾಯಿತು. ತಾಯಿ ಮಗ ಡಾಕ್ಟರ ಹತ್ತಿರ ಹೋದರು. ಸಕ್ಕರೆ ಇಳಿದಿತ್ತು. ತಿರಕಪ್ಪ ತೂಕದ ಮಷೀನು ಹತ್ತಿದ. ಮುಳ್ಳು ಎಂಬತ್ತಕ್ಕೆ ನಿಂತಿತು.

"ಶಾಬಾಸ್," ಅಂದರು ಡಾಕ್ಟರು. "ಕಾಲು ಉಳೀತು ಅನ್ಕೋ. ಇನ್ನ ಮುಂದ ಈ ಮುಳ್ಳು ಎಂಬತ್ತು ಬಿಟ್ಟು ಅಲ್ಲಾಡಬಾರದು, ನೋಡು."

"ಹೂಂ," ಅಂದ ತಿರಕಪ್ಪ.

ಡಾಕ್ಟರು ಊಟಕ್ಕೆ ಹೋದರು. ರೋಗಿಗಳೆಲ್ಲ ಹೋದರು. ತಿರಕಪ್ಪ ಮಷೀನಿನ ಮೇಲೇ ನಿಂತಿದ್ದ.

"ಇಳಿಯೋ, ಮನೀಗೆ ಹೋಗೂಣು."

"ಇಳಿದ್ರ ಮುಳ್ಳು ಅಲ್ಲಾಡ್ತದ."

"ಉಸಿರಾದ್ರೂ ಬಿಡೋ."

"ಬಿಡಾಕತ್ತೀನಿ, ಸಣ್ಣಗ."

ಪಾರವ್ವ ಬುತ್ತಿ ಬಿಚ್ಚಿದಳು. "ಎರಡು ರೊಟ್ಟಿ ತಿನ್ನು ಬಾ."

"ನೀ ಉಣ್ಣವ್ವ. ನಾ ತಿಂದ್ರ ಮುಳ್ಳು ಏರ್ತದ."

ಹುಟ್ಟಿದಾಗಿನಿಂದ ಮಗ ಎದುರಿಗೆ ಬಿಚ್ಚಿಟ್ಟ ಊಟ ಬೇಡ ಅಂದದ್ದು ಅದೇ ಮೊದಲು. ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತವನನ್ನು ನೋಡಿ ಪಾರವ್ವನಿಗೆ ಅಳು, ನಗು ಎರಡೂ ಬಂತು. ಅಲ್ಲೇ ನೆಲದ ಮೇಲೆ ಕೂತು ರೊಟ್ಟಿ ತಾನೇ ತಿಂದಳು.

ಕೊನೆಗೆ ದವಾಖಾನೆಯ ಬಾಗಿಲು ಹಾಕಬೇಕಲ್ಲ, ನಾಲ್ಕು ಜನ ಸೇರಿ ತಿರಕಪ್ಪನನ್ನು ಮಷೀನು ಸಮೇತ ಎತ್ತಿ ಹೊರಗಿಟ್ಟರು. ಮೂರು ತಿಂಗಳ ಹಿಂದಾಗಿದ್ದರೆ ಆರು ಜನ ಬೇಕಾಗುತ್ತಿತ್ತು.