ಅನ್ನ ಬಡಿಸುವ ಎಲೆ

ಹೊಳೆದಂಡೆಯ ಮಠದ ಬಾಳೆತೋಟ ಶಿಷ್ಯ ಸಿದ್ಧವೀರನ ಜವಾಬ್ದಾರಿ. ಎಲೆಚುಕ್ಕೆ ರೋಗ ಬಂದಾಗ ಒಂದು ಮದ್ದು ಹೊಡೆದ, ತೋಟ ಹಸಿರಾಯಿತು. ಅಷ್ಟೇ ಸಾಕಾಯಿತು ಪುಣ್ಯಾತ್ಮನಿಗೆ! ಚುಕ್ಕೆ ಕಂಡಾಗಲೆಲ್ಲ ಅದೇ ಮದ್ದು.

ಆದರೆ ರೋಗ ಹಿಡಿದ ಎಲೆಯನ್ನು ಕತ್ತರಿಸಿ ಸುಡುತ್ತಿರಲಿಲ್ಲ. ಅನ್ನ ಬಡಿಸುವ ಎಲೆಗೆ ಬೆಂಕಿ ಇಡಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ರೋಗ ಮದ್ದಿಗೆ ಬಗ್ಗಲಿಲ್ಲ. ಸಿದ್ಧವೀರ ಅದೇ ಮದ್ದನ್ನು ದುಪ್ಪಟ್ಟು ಹಾಕಿ ಕಲಸುತ್ತ ಕೂತ.

ಅಷ್ಟರಲ್ಲಿ ಪಕ್ಕದ ತೋಟದ ನಿಂಗಾಜಮ್ಮ ಬಂದಳು. ಕಂದು ಚುಕ್ಕೆ ತುಂಬಿದ ಎಲೆಯೊಂದನ್ನು, ತೋಟಕ್ಕೆ ಬಂದಿದ್ದ ಮಠದ ಗುರುಗಳ ಮುಂದೆ ಹಿಡಿದಳು.

"ಬುದ್ಧಿ, ಮಠದ ತೋಟದಿಂದ ಗಾಳೀಲಿ ಬಂದದ್ದು ಇದು. ನಿಮ್ಮ ಮದ್ದನ್ನೇ ಹೊಡೆದೆ, ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ. ಗೊನೆ ಬಿಡೋ ಹೊತ್ತು. ಈ ತೋಟ ಹೋದ್ರೆ ನಾನು ಹೊಟ್ಟೆಗೇನು ತಿನ್ಲಿ?"

ಸಿದ್ಧವೀರ ಮದ್ದು ಕಲಸುತ್ತಲೇ ಇದ್ದ.

ಗುರುಗಳು ಅವನ ಹತ್ತಿರ ಬಂದರು. "ಮೊದಲ ಸಲ ರೋಗವೆಲ್ಲ ಸತ್ತಿತೇನಪ್ಪಾ?"

"ಹೆಚ್ಚುಕಮ್ಮಿ ಎಲ್ಲಾ, ಬುದ್ಧಿ. ಅಲ್ಲೊಂದು ಇಲ್ಲೊಂದು ಉಳೀತು."

"ಯಾಕೆ ಉಳೀತು?"

"ಆ ಮದ್ದಿಗೆ ಜಗ್ಗದಂಥವು ಇದ್ದಿರಬೇಕು."

"ಎಲ್ಲಿ ಉಳೀತು?"

"ನಾನು ಕತ್ತರಿಸದೆ ಬಿಟ್ಟ ಎಲೇಲಿ."

"ಮತ್ತೆ ಮತ್ತೆ ಅದೇ ಮದ್ದು ಹೊಡೆದೆ. ಈಗ ತೋಟದ ತುಂಬ ಇರೋದು ಯಾರ ಮಕ್ಕಳು?"

"ಆ ಉಳಿದವುಗಳ ಮಕ್ಕಳೇ," ಅಂದ ಸಿದ್ಧವೀರ. ಅಯ್ಯೋ, ಇದನ್ನು ಸಾಕಿ ಬೆಳೆಸಿದವನು ನಾನೇ!

ಗುರುಗಳು ಮದ್ದಿನ ಬಕೆಟ್ ಮುಚ್ಚಿ ಪಕ್ಕಕ್ಕಿಟ್ಟರು. ಅವನ ಕೈಗೆ ಕುಡುಗೋಲು ಕೊಟ್ಟರು.

"ಗಾಳಿ ನಮ್ಮ ಕಡೆಯಿಂದ ಬೀಸ್ತಿದೆ. ಮೊದಲು ನಮ್ಮ ಚುಕ್ಕೆ ಎಲೆ ತೆಗೆ, ಆಮೇಲೆ ಈ ತಾಯಿ ತೋಟಕ್ಕೂ ನೀನೇ ಹೋಗು. ಅದಾದ ಮೇಲೆ ಬೇರೆ ಬಗೆಯ ಮದ್ದು, ಹೇಳಿದಷ್ಟೇ ಅಳತೆ."

"ದಾಸೋಹಕ್ಕೆ ಎಲೆ ಬೇಕಲ್ಲ, ಬುದ್ಧಿ?"

"ಕತ್ತರಿಸು."

ಊಟದ ಹೊತ್ತಿಗೆ ಎಲೆಯ ರಾಶಿ ಹೊಗೆಯಾಡುತ್ತಿತ್ತು. ಗಿಡದಲ್ಲಿ ಉಳಿದ ನಾಲ್ಕೆಲೆ ಗಿಡಕ್ಕೇ ಬೇಕಿತ್ತು, ಬಡಿಸಲು ಒಂದೂ ಇರಲಿಲ್ಲ.

ಗುರುಗಳು ಪಂಕ್ತಿಯಲ್ಲಿ ಕೂತು ಎರಡೂ ಅಂಗೈ ಚಾಚಿದರು. ಸಿದ್ಧವೀರ ಬಿಸಿ ಅನ್ನದ ಸೌಟು ಹಿಡಿದು ನಿಂತೇಬಿಟ್ಟ. ಕಣ್ಣು ತುಂಬಿ ಬಂತು.

"ಕೈ ಸುಡುತ್ತೆ, ಬುದ್ಧಿ."

"ಬಡಿಸಪ್ಪಾ. ಸುಟ್ಟರೆ ನನ್ನ ಕೈ ಸುಡುತ್ತೆ. ನಿಂಗಾಜಮ್ಮನ ತೋಟ ಅಲ್ಲವಲ್ಲ."