ಕಾರ್ಬ್ಯುರೇಟರಿಗೆ ಸುರಿದ ಎಣ್ಣೆ

ಶಿಷ್ಯ ಕೇಳಿದ: "ಗುರುಗಳೇ, ನನ್ನಿಂದ ಒಬ್ಬರಿಗೆ ನಷ್ಟವಾಯಿತು. ಅದನ್ನು ಪೂರ್ತಿ ತುಂಬಿಕೊಟ್ಟಿದ್ದೇನೆ. ಅವರಿಗೆ ನನ್ನ ಮೇಲೆ ಬೇಸರವಿಲ್ಲ. ಆದರೂ ಅವರ ಮುಖ ಕಂಡರೆ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ. ಏಕೆ?"

ಗುರುಗಳು ಈ ಕತೆ ಹೇಳಿದರು.

ಹಳೆಯ ಕಾರುಗಳನ್ನು ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದ. ಬೇರೆಯವರು ಕೈಬಿಟ್ಟ ಇಂಜಿನ್ನೂ ಅವನ ಕೈಯಲ್ಲಿ ಮತ್ತೆ ಓಡುತ್ತಿತ್ತು. ಅದೇ ಊರಿನಲ್ಲಿ ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸ್ ಇದ್ದಳು. ಗಂಡ ತೀರಿಕೊಂಡ ಮೇಲೆ ಅವನ ಹಳೆಯ ಕಾರನ್ನು ತಾನೇ ಓಡಿಸಲು ಕಲಿತಿದ್ದಳು. ಸುತ್ತಲಿನ ಹಳ್ಳಿಗಳಿಗೆ ಹೋಗಿ, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟಿ ಬರುತ್ತಿದ್ದಳು. ಹೆಂಗಸಿನ ಕೈಗೆ ಕಾರು ಸಲ್ಲದು ಎಂದು ಅವಳ ಮೈದುನ ಮೊದಲಿನಿಂದಲೂ ಹೇಳುತ್ತಿದ್ದ. ಆಕೆ ಕಿವಿಗೆ ಹಾಕಿಕೊಂಡಿರಲಿಲ್ಲ.

ಒಮ್ಮೆ ಕಾರಿನ ಇಂಜಿನ್ ಟಕಟಕ ಸದ್ದು ಮಾಡತೊಡಗಿತು. ಆಕೆ ಮೆಕ್ಯಾನಿಕ್ ಬಳಿ ತಂದಳು, ಮೈದುನನೂ ಜೊತೆಗೆ ಬಂದ. ವಾಲ್ವ್‌ಗಳು ಒಣಗಿ ಹಿಡಿದುಕೊಳ್ಳುತ್ತಿವೆ ಎಂದು ಅವನಿಗೆ ಸದ್ದಿನಲ್ಲೇ ತಿಳಿಯಿತು. ಅದಕ್ಕೊಂದು ಉಪಾಯವಿದೆ. ಏರ್ ಫಿಲ್ಟರ್ ಬಿಚ್ಚಿ, ಇಂಜಿನ್ ಓಡುತ್ತಿರುವಾಗಲೇ, ಗಾಳಿಗೆ ಪೆಟ್ರೋಲು ಬೆರೆಸಿ ಒಳಗೆ ಕಳಿಸುವ ಕಾರ್ಬ್ಯುರೇಟರಿನ ಬಾಯಿಗೆ ತೆಳುವಾದ ಎಣ್ಣೆ ಬಿಡುತ್ತಾರೆ. ಗಾಳಿಯ ಜೊತೆ ಅದು ಒಳಗೆ ಹೋಗಿ ವಾಲ್ವ್‌ಗಳನ್ನು ನೆನೆಸಿ, ಉರಿದು ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ. ಆದರೆ ಹನಿಹನಿಯಾಗಿಯೇ ಬಿಡಬೇಕು. ಹೆಚ್ಚು ಸುರಿದರೆ ಎಣ್ಣೆ ಉರಿಯದೆ ಪಿಸ್ಟನ್ ಮೇಲೆ ನಿಲ್ಲುತ್ತದೆ. ನಿಂತ ಎಣ್ಣೆಯನ್ನು ಪಿಸ್ಟನ್ ಅದುಮಲಾರದು. ಅದನ್ನು ತಳ್ಳುವ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಈ ಮಾತನ್ನು ಅವನು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದ.

ಆಕೆಯನ್ನು ಸೀಟಿನಲ್ಲಿ ಕೂರಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹಿಡಿಯಲು ಹೇಳಿ, ಎಣ್ಣೆ ಬಿಡತೊಡಗಿದ. ಅಷ್ಟರಲ್ಲಿ ಅವನಿಗೊಂದು ಫೋನ್ ಬಂತು. ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡಿದ. ಏನೋ ಕೇಳಿ ಜೋರಾಗಿ ನಕ್ಕ. ಡಬ್ಬಿ ವಾಲಿತು. ಎಣ್ಣೆ ಧಾರೆಯಾಗಿ ಇಳಿಯಿತು. ಒಳಗೆ ಧಡ್ ಎಂದು ಒಂದೇ ಸದ್ದಾಗಿ ಇಂಜಿನ್ ನಿಂತುಹೋಯಿತು.

ಎತ್ತಿದ ಬಾನೆಟ್ಟಿನ ಮರೆಯಲ್ಲಿ ಡಬ್ಬಿ ವಾಲಿದ್ದು ಆಕೆಗಾಗಲಿ ಸುತ್ತ ನಿಂತವರಿಗಾಗಲಿ ಕಂಡಿರಲಿಲ್ಲ. ಆಕೆ ಗಾಬರಿಯಿಂದ ಕೆಳಗಿಳಿದು ಬಂದಳು.

"ಏನಾಯ್ತಪ್ಪಾ? ನಾನೇ ಜಾಸ್ತಿ ಒತ್ತಿಬಿಟ್ಟೆನಾ?"

ಅಲ್ಲ ಎನ್ನಲು ಅವನಿಗೆ ಒಂದು ಕ್ಷಣವಿತ್ತು. ಮೈದುನನೂ ಅಲ್ಲೇ ನಿಂತಿದ್ದ, ಅಂಗಡಿಯ ಮುಂದೆ ಇನ್ನೂ ನಾಲ್ಕು ಜನರಿದ್ದರು.

"ಹೂಂ ಅಮ್ಮ, ಸ್ವಲ್ಪ ಜಾಸ್ತಿ ಆಯ್ತು. ಎಣ್ಣೆಯನ್ನೆಲ್ಲ ಒಮ್ಮೆಲೇ ಎಳೆದುಕೊಂಡುಬಿಡ್ತು" ಎಂದ.

ಮೈದುನ ನಕ್ಕ. ಆಕೆ ತಲೆ ತಗ್ಗಿಸಿದಳು.

ಮೆಕ್ಯಾನಿಕ್ ಹತ್ತು ದಿನ ಕೂತು ಇಂಜಿನ್ ಬಿಚ್ಚಿದ. ಬಾಗಿದ ರಾಡ್ ತೆಗೆದು ಹೊಸದು ಹಾಕಿದ. ಇಂಜಿನ್ ಮೊದಲಿಗಿಂತ ಚೆನ್ನಾಗಿ ಓಡಿತು. ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ನಾನು ಹಾಳು ಮಾಡಿದ್ದನ್ನು ಇವನು ಸುಮ್ಮನೆ ಸರಿಮಾಡಿಕೊಟ್ಟ ಎಂದು ಆಕೆ ಕಂಡವರಿಗೆಲ್ಲ ಹೇಳಿದಳು. ಮನೆಗೆ ಕರೆದು ಕಾಫಿ ಕೊಟ್ಟಳು. ಅವನು ಒಂದೇ ಗುಟುಕು ಕುಡಿದು ಲೋಟ ಕೆಳಗಿಟ್ಟು ಎದ್ದ.

ಒಂದು ಬೆಳಿಗ್ಗೆ ಅವನು ಬಸ್ ನಿಲ್ದಾಣದ ಮುಂದೆ ಹೋಗುತ್ತಿದ್ದ. ಆಕೆ ಔಷಧಿಯ ಚೀಲ ಹಿಡಿದು ಬಿಸಿಲಲ್ಲಿ ನಿಂತಿದ್ದಳು. ಕಾರು ಏನಾಯಿತು ಎಂದು ಅವನು ಕೇಳಿದ. ಕೀಲಿಯನ್ನು ಮೈದುನನಿಗೆ ಕೊಟ್ಟುಬಿಟ್ಟೆ, ಅವನಿಗೆ ಬಿಡುವಾದಾಗ ಕರೆದುಕೊಂಡು ಹೋಗುತ್ತಾನೆ, ನನ್ನ ಕಾಲಿನ ಮೇಲೆ ನನಗೇ ನಂಬಿಕೆಯಿಲ್ಲ ಎಂದಳು. ಬಸ್ಸು ಹೋಗದ ಹಳ್ಳಿಗಳನ್ನು ಬಿಟ್ಟುಬಿಟ್ಟಿದ್ದಳು. ಇಷ್ಟು ಹೇಳಿ, ಅವನಿಗೇ ಕೈಮುಗಿದಳು.

ಅಂದಿನಿಂದ ಅವನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟ. ಯಾರಾದರೂ ಅವನ ಒಳ್ಳೆಯತನ ಹೊಗಳಿದರೆ ಸ್ಪ್ಯಾನರ್ ಹುಡುಕುವವನಂತೆ ಕಾರಿನ ಕೆಳಗೆ ನುಗ್ಗುತ್ತಿದ್ದ. ಹೀಗೆ ಇಂಜಿನ್ ಕೆಟ್ಟ ದಿನದಿಂದ ಎರಡು ತಿಂಗಳು ಕಳೆಯಿತು. ಕೊನೆಗೆ ಒಂದು ಭಾನುವಾರ, ಮೈದುನ ಮನೆಯಲ್ಲಿರುವ ಹೊತ್ತು ನೋಡಿಕೊಂಡೇ ಆಕೆಯ ಮನೆಗೆ ಹೋದ. ಕೂರಲಿಲ್ಲ.

"ಅಮ್ಮ, ಅವತ್ತು ನಿಮ್ಮ ಕಾಲಿಂದ ಏನೂ ಆಗಲಿಲ್ಲ. ನಾನು ಫೋನಲ್ಲಿ ಮಾತಾಡ್ತಾ ಎಣ್ಣೆ ಸುರಿದುಬಿಟ್ಟೆ. ನೀವು ಕೇಳಿದಾಗ ಸುಳ್ಳು ಹೇಳಿದೆ."

ಆಕೆಯ ಮುಖ ಕೆಂಪಾಯಿತು. "ಎರಡು ತಿಂಗಳು" ಎಂದಳು, ಅಷ್ಟೆ. ಮೈದುನನ ಮುಂದೆ ಅಂಗೈ ಚಾಚಿದಳು. ಅವನು ಜೇಬಿನಿಂದ ಕೀಲಿ ತೆಗೆದು ಕೊಟ್ಟ. ಮೆಕ್ಯಾನಿಕ್ ಇನ್ನೂ ಅಲ್ಲೇ ನಿಂತಿರುವಾಗ ಆಕೆ ಕಾರು ಹೊರಗೆ ತೆಗೆದು ಹೊರಟುಹೋದಳು.

ಆಮೇಲೆ ಆಕೆ ಅವನ ಅಂಗಡಿಗೆ ಬರಲಿಲ್ಲ. ಊರವರು ಅವನನ್ನು ಹೊಗಳುವುದನ್ನೂ ನಿಲ್ಲಿಸಿದರು. ಆಕೆಯ ಕಾರು ಮಾತ್ರ ಪ್ರತಿದಿನ ಅಂಗಡಿಯ ಮುಂದೆಯೇ ಹಳ್ಳಿಗಳ ಕಡೆ ಹೋಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವನ ನಾಚಿಕೆ ಹೋಯಿತೇ ಗುರುಗಳೇ?"

"ಅದಿರಲಿ, ನೀನು ನಷ್ಟ ತುಂಬಿಕೊಟ್ಟೆಯಲ್ಲ, ನಿನ್ನ ತಪ್ಪನ್ನು ಈಗ ಯಾರು ಹೊತ್ತು ತಿರುಗುತ್ತಿದ್ದಾರೆ?" ಎಂದರು ಗುರುಗಳು.