ಅಂಕದ ಕಣದ ಎರಡು ಹುಂಜಗಳು

ಕೋಳಿಗಳ ಮಾತು ಅರ್ಥವಾಗುವವನು ನಮ್ಮ ಸೀಮೆಗೆಲ್ಲ ನಾನೊಬ್ಬನೇ, ಹಾಗಾಗಿ ಇದನ್ನು ನಂಬಲೇಬೇಕು. ಕೋಳಿ ಅಂಕದ ಕಣದಲ್ಲಿ ಕೆಂಪು ಹುಂಜ ಕತ್ತು ಕೊಂಕಿಸಿ, "ಬಾರಯ್ಯಾ, ಸೋತವನು ಇವತ್ತು ಗೆದ್ದವನ ಯಜಮಾನನ ಮನೆಯಲ್ಲಿ ಸಾರು!" ಎಂದಿತು.

"ಆಗಲಿ ಮಾರಾಯ," ಎಂದಿತು ಬಿಳಿ ಹುಂಜ. "ಆದರೆ ನಮ್ಮನ್ನು ನೋಡುತ್ತಿರುವವರು ಯಾರು, ಹೇಳು?"

ಕೆಂಪು ಹುಂಜ ತಿರುಗಿ ನೋಡಿತು. ಅರ್ಧ ಜನ ಕಳ್ಳಿನ ಮಡಕೆಯ ಸುತ್ತ, ಉಳಿದವರು ಬಾಜಿಯ ಜಗಳದಲ್ಲಿ. ಅದರ ಸ್ವಂತ ಯಜಮಾನನೇ ಬಿಳಿ ಹುಂಜದ ಮೇಲೆ ದುಡ್ಡು ಕಟ್ಟುತ್ತಿದ್ದ!

"ಇವರಿಗಾಗಿ ಸಾಯುವುದೇ? ನಡೆಯಪ್ಪಾ!" ಎಂದು ಎರಡೂ ಜೊತೆಯಾಗಿ ಬೇಲಿ ಹಾರಿದವು.

ಅಂಕ ನಿಂತಿತೆಂದು ಯಾರೂ ಮರುಗಲಿಲ್ಲ. ಉದುರಿದ ಎರಡು ಪುಕ್ಕಗಳಲ್ಲಿ ಗಾಳಿಗೆ ಮೊದಲು ಹಾರುವುದು ಯಾವುದೆಂದು ಹೊಸ ಬಾಜಿ ಶುರುವಾಯಿತು. ಬಿಳಿ ಪುಕ್ಕದ ಮೇಲೆ ಮೊದಲು ನೂರು ರೂಪಾಯಿ ಕಟ್ಟಿದ ಧೀರ ನಾನೇ.